ಬೇಳೆ ಬೇಯದ ನೀರಲ್ಲೂ ನೀಲಿ ನಿಲ್ಲುತ್ತದೆ: ದುರ್ಗದ ಮಾಳಿಗೆ ಮೇಲೆ ಸಯನೋಟೈಪ್

ಕೆಮಿಕಲ್ ಬಳಿದ ಹಾಳೆಯ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದು ನೀಲಿ ಚಿತ್ರ ಪಡೆಯುವ ಹಳೆಯ ಫೋಟೋ ವಿಧಾನ ಸಯನೋಟೈಪ್. ಚಿತ್ರದುರ್ಗದ ಬೋರ್ ನೀರಿನಲ್ಲಿ ಅದು ಆಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿಗೆ ಹೋಗಿ ಕಲಿತು ಬಂದ ಸೀನಿಯರ್‌ಗಳು ಡಿಸ್ಟಿಲ್ಡ್ ವಾಟರ್ ಇಲ್ಲದೆ ಕೈ ಹಾಕಬೇಡ ಅಂದರು. ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟಿರುವ ಪರಿಚಯದ ಅಣ್ಣ, "ಬಿಡಪ್ಪ, ಮೊಬೈಲ್‌ನಾಗೆ ನೀಲಿ ಫಿಲ್ಟರ್ ಹಾಕಿದ್ರೆ ಮುಗೀತು, ಅದಕ್ಯಾಕೆ ಇಷ್ಟು ಒದ್ದಾಟ" ಎಂದರು. ಡಿಸೆಂಬರ್ ರಜೆಯಲ್ಲಿ ತೊಳೆದ ಪ್ರಿಂಟುಗಳು ಈಗ ವರ್ಷ ದಾಟಿವೆ, ಬಣ್ಣ ಕದಲಿಲ್ಲ. ಎಲ್ಲವೂ ಅದೇ ಬೋರ್ ನೀರಿನಲ್ಲಿ ತೊಳೆದವು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಸರಾ ರಜೆ ಪೂರ್ತಿ ನಷ್ಟ. ಎಪ್ಪತ್ತು ಹಾಳೆಯಾದರೂ ಹೋಗಿರಬೇಕು. ಬಿಸಿಲಿನಿಂದ ತೆಗೆದಾಗ ಚಿತ್ರ ಚೆನ್ನಾಗಿಯೇ ಇರುತ್ತಿತ್ತು, ಟಬ್ಬಿಗೆ ಇಳಿಸಿದ ಐದು ನಿಮಿಷಕ್ಕೆ ನೀರೇ ನೀಲಿಯಾಗಿ ಹಾಳೆ ಬೋಳಾಗುತ್ತಿತ್ತು. ನೆರಳಿನ ಭಾಗ ಒಂದಿಷ್ಟು ಉಳಿದರೆ ಬಂಡೆಯ ಮೈಮೇಲಿನ ನಡುಛಾಯೆಗಳೆಲ್ಲ ಮಾಯ. ಮೊದಲು ಬಿಸಿಲನ್ನು ಬೈದೆ, ಹತ್ತು ನಿಮಿಷ ಇಡುತ್ತಿದ್ದದ್ದನ್ನು ಇಪ್ಪತ್ತೈದಕ್ಕೆ ಏರಿಸಿದೆ. ಆಮೇಲೆ ಕೆಮಿಕಲ್ ಹಳತಿರಬೇಕೆಂದು ಹೊಸ ಡಬ್ಬಿ ತರಿಸಿ ಸಾವಿರದ ಮೇಲೆ ಖರ್ಚು ಮಾಡಿದೆ. ಎರಡೂ ತಪ್ಪು ಊಹೆ.

ಗುಟ್ಟು ಬಿಟ್ಟುಕೊಟ್ಟದ್ದು ಹಿಂಗಾರು ಮಳೆ. ಬಿಸಿಲಿಗಿಟ್ಟು ತೆಗೆದ ಒಂದು ಎ5 ಪ್ರಿಂಟನ್ನು ಕತ್ತರಿಯಿಂದ ಎರಡು ತುಂಡು ಮಾಡಿ, ಒಂದನ್ನು ಬೋರ್ ನೀರಿಗೆ, ಇನ್ನೊಂದನ್ನು ಮಾಳಿಗೆ ಮೇಲೆ ಹಿಡಿದಿಟ್ಟ ಮಳೆನೀರಿನ ಬಕೆಟ್ಟಿಗೆ ಹಾಕಿದೆ. ಹತ್ತು ನಿಮಿಷ ಬಿಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಬಂಡೆಯ ಎಡಭಾಗ ಸವೆದ ಬಟ್ಟೆಯ ಹಾಗೆ ಬಿಳಚಿತ್ತು, ಬಲಭಾಗದಲ್ಲಿ ಕಲ್ಲಿನ ಒಂದೊಂದು ಬಿರುಕೂ ಎಣಿಸುವಂತಿತ್ತು. ಬೇಳೆ ಬೇಯದ, ಸೋಪು ನೊರೆ ಬರದ, ಬಿಂದಿಗೆ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ನಮ್ಮದು. ಕ್ಷಾರ ಇದ್ದಲ್ಲಿ ಈ ನೀಲಿ ಬದುಕುವುದಿಲ್ಲ, ಅಷ್ಟೇ ವಿಷಯ. ಶಾಂತಿಸಾಗರ ಕೆರೆಯ ನಲ್ಲಿ ನೀರು ಬಂದ ದಿನ ಪ್ರಿಂಟು ಸ್ವಲ್ಪ ಮೇಲೆನಿಸುತ್ತಿದ್ದದ್ದೂ ಆಗ ಅರ್ಥವಾಯಿತು.

ಮದ್ದು ದಿನಸಿ ಅಂಗಡಿಯಲ್ಲೇ ಇತ್ತು: ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಐದು ಲೀಟರ್ ಬೋರ್ ನೀರಿಗೆ ಒಂದು ಟೀ ಚಮಚ, ಅಂದರೆ ಸುಮಾರು ಐದು ಗ್ರಾಂ. ಮೊದಲ ನೀರು ಇದೇ ಆಗಬೇಕು. ಪ್ರಿಂಟನ್ನು ಮುಖ ಕೆಳಗೆ ಮಾಡಿ ಇಳಿಸಿ ಎರಡು ನಿಮಿಷ ಅಲ್ಲಾಡಿಸಿ. ಬಿಸಿಲು ತಾಗದೆ ಉಳಿದ ಕೆಮಿಕಲ್ಲಿನ ಹಳದಿ ಇಳಿಯುತ್ತದೆ, ನೀಲಿ ಕೂತಲ್ಲೇ ಕೂರುತ್ತದೆ. ಇನ್ನೊಂದು ಲಾಭವೂ ಇದೆ: ಹುಳಿ ನೀರಿನಲ್ಲಿ ತೊಳೆದರೆ ನಡುಛಾಯೆಗಳು ಜಾಸ್ತಿ ಸಿಗುತ್ತವೆ, ಮಳೆನೀರಿನ ಪ್ರಿಂಟಿಗಿಂತಲೂ ಜಾಸ್ತಿ. ಎರಡನೆಯ, ಮೂರನೆಯ ನೀರಿಗೂ ಅರ್ಧರ್ಧ ಚಮಚ ಹಾಕುತ್ತೇನೆ. ಒಟ್ಟು ತೊಳೆತ ಹತ್ತು ನಿಮಿಷ ದಾಟಬಾರದು, ಆದರೆ ಹಳದಿ ಉಳಿಯಲೂಬಾರದು. ಉಳಿದರೆ ವಾರ ಕಳೆದ ಮೇಲೆ ಬಿಳಿ ಆಕಾಶವೆಲ್ಲ ತಿಳಿನೀಲಿಗೆ ತಿರುಗುತ್ತದೆ. ಕೊನೆಗೆ ಒಂದು ಲೀಟರ್ ನೀರಿಗೆ ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್ ಒಂದು ಮುಚ್ಚಳ. ಇದು ಬೇಕೇ ಬೇಕೆಂದಿಲ್ಲ, ಇಲ್ಲದಿದ್ದರೂ ಮಾರನೆಯ ದಿನಕ್ಕೆ ಬಣ್ಣ ತಾನೇ ಗಾಢವಾಗುತ್ತದೆ. ಆದರೆ ಗಿರಾಕಿ ಎದುರು ನಿಂತಿದ್ದಾಗ ಕಣ್ಣ ಮುಂದೆಯೇ ಕಡುನೀಲಿ ಏಳುವುದನ್ನು ನೋಡಿದರೆ ಅವರು ಬೆಲೆ ಚೌಕಾಸಿ ಮಾಡುವುದಿಲ್ಲ. ಹುಳಿ ಬೇಕೆಂದು ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಮುಟ್ಟಬೇಡಿ. ಹಾಳೆಗೆ ಬಳಿಯುವ ಕೆಮಿಕಲ್ಲಿನಲ್ಲಿರುವ ಫೆರಿಸಯನೈಡ್‌ಗೆ ಗಟ್ಟಿ ಆಸಿಡ್ ಸೇರಿದರೆ ಬರುವ ಗಾಳಿ ವಿಷ.

ನೀರು ಸರಿಹೋದ ಮೇಲೂ ಅರ್ಧ ಪ್ರಿಂಟು ಕೆಡುತ್ತಿದ್ದವು. ಅದು ಕಾಗದದ ದೋಷ. ಜೆರಾಕ್ಸ್ ಹಾಳೆಯಲ್ಲಿ, ಅಂಗಡಿಯ ಬಹುಪಾಲು ಡ್ರಾಯಿಂಗ್ ಶೀಟುಗಳಲ್ಲಿ ಸುಣ್ಣದ ಅಂಶ ಬೆರೆತಿರುತ್ತದೆ, ನೀರಿನ ಕೆಲಸವನ್ನೇ ಅದೂ ಮಾಡುತ್ತದೆ. ಪರೀಕ್ಷೆ ಸುಲಭ: ಮೂಲೆಯ ಮೇಲೆ ಗಟ್ಟಿ ನಿಂಬೆ ಉಪ್ಪಿನ ನೀರು ಒಂದು ಹನಿ ಬಿಟ್ಟು ಕ್ಯಾಮೆರಾ ಲೆನ್ಸನ್ನು ಹಿಂದುಮುಂದಾಗಿ ಹಿಡಿದು ಭೂತಗನ್ನಡಿಯಂತೆ ನೋಡಿ, ಸಣ್ಣ ಗುಳ್ಳೆ ಎದ್ದರೆ ಆ ಹಾಳೆ ಹಾಗೆಯೇ ಬಳಸಬೇಡಿ. ನಾನೀಗ ಹತ್ತಿಯ ಹ್ಯಾಂಡ್‌ಮೇಡ್ ಕಾಗದ, 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಮೇಲಿನ ದಪ್ಪನೆಯದನ್ನೇ ತರುತ್ತೇನೆ. ಆದರೂ ಹಿಂದಿನ ದಿನ ಲೀಟರಿಗೆ ನಾಲ್ಕು ಚಮಚ ನಿಂಬೆ ಉಪ್ಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಮ್ಮೆ ಜಾಲಾಡಿ, ಹಗ್ಗದ ಮೇಲೆ ಒಣಗಿಸಿಯೇ ಬಳಿಯುವುದು. ಈ ಕೆಲಸ ಬೇಸರದ್ದು, ಬಿಟ್ಟರೆ ಮಾತ್ರ ಕೆಟ್ಟಿರಿ.

ಅಳತೆ ಹಳೆಯದೇ: ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ತಲಾ 100 ಮಿಲಿ ನೀರಿಗೆ. ಇದಕ್ಕೆ ಮಾತ್ರ ನಾನೂ ಡಿಸ್ಟಿಲ್ಡ್ ವಾಟರೇ ಬಳಸುವುದು, ಪೆಟ್ರೋಲ್ ಬಂಕಿನ ಪಕ್ಕ ಬ್ಯಾಟರಿಗೆಂದು ಮಾರುವುದು. ಎ5ಗೆ ಎರಡೂ ಸೇರಿ ಒಂದೂವರೆ ಮಿಲಿ ಸಾಕು, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಸ್ಪಂಜಿನ ಬ್ರಷ್ಷು ಅರ್ಧ ತಾನೇ ಕುಡಿದುಬಿಡುತ್ತದೆ. ಮೂವತ್ತು ರೂಪಾಯಿಯ ತಗಡು ಪಟ್ಟಿಯ ಪೇಂಟ್ ಬ್ರಷ್ಷಿನಲ್ಲಿ ಬಳಿದಾಗ ಹಾಳೆ ತುಂಬ ನೀಲಿ ಚುಕ್ಕೆ ಬಿದ್ದವು. ತಗಡಿನ ತುಕ್ಕು ಅದು. ಹಿಡಿಗೆ ದಾರ ಸುತ್ತಿದ ಬ್ರಷ್ಷಿಗೆ ಬದಲಾಯಿಸಿದೆ, ಚುಕ್ಕೆ ನಿಂತವು. ಬಳಿಯುವುದು ರಾತ್ರಿ ಬಚ್ಚಲಲ್ಲಿ, ಹಳದಿ ಝೀರೋ ಕ್ಯಾಂಡಲ್ ಬಲ್ಬಿನಡಿ. ಫ್ಯಾನಿನ ಗಾಳಿಯಲ್ಲಿ ಒಣಗಿಸಿ ಕಪ್ಪು ಕವರಿಗೆ. ಸಿಟ್ರೇಟ್ ದ್ರಾವಣ ಮೂರನೇ ವಾರಕ್ಕೆ ಬೂಷ್ಟು ಹಿಡಿಯುತ್ತದೆ, ಗಾಬರಿ ಬೇಡ, ಹತ್ತಿಯಲ್ಲಿ ಸೋಸಿದರೆ ನಡೆಯುತ್ತದೆ.

ನೆಗೆಟಿವ್ ವಿಚಾರದಲ್ಲಿ ದುಡ್ಡು ಕಳೆದುಕೊಂಡದ್ದು ಜಾಸ್ತಿ. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ಓಎಚ್‌ಪಿ ಶೀಟಿಗೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಇಪ್ಪತ್ತು, ಇಪ್ಪತ್ತೈದು ರೂಪಾಯಿ. ಒಂದೇ ಶೀಟಿನ ಕಪ್ಪು ನಮ್ಮ ಬಿಸಿಲಿಗೆ ಸಾಲುವುದಿಲ್ಲ, ಹಿಡಿದು ನೋಡಿದರೆ ಸೂಜಿಮೊನೆಯಷ್ಟು ತೂತುಗಳು. ಅದೇ ಚಿತ್ರದ ಎರಡು ಶೀಟು ತೆಗೆಸಿ, ನಾಲ್ಕು ಮೂಲೆಗೆ ಗುರುತು ಹಾಕಿ, ಒಂದರ ಮೇಲೊಂದು ಕೂರಿಸಿ ಅಂಟಿಸುತ್ತೇನೆ. ಪ್ರಿಂಟರು ಎರಡನೇ ಶೀಟನ್ನು ಕೂದಲೆಳೆಯಷ್ಟು ಹಿಗ್ಗಿಸಿರುತ್ತದೆ, ಆದ್ದರಿಂದ ಎರಡನ್ನೂ ಒಂದೇ ದಿಕ್ಕಿನಲ್ಲಿ, ಬೆನ್ನು ಬೆನ್ನಿಗೇ ತೆಗೆಸಬೇಕು. ಶೀಟು ಉಳಿಸಲು ಎಣ್ಣೆ ಕಾಗದದ ದಾರಿಯನ್ನೂ ನೋಡಿದೆ. ಸಾದಾ ಹಾಳೆಯಲ್ಲಿ ನೆಗೆಟಿವ್ ತೆಗೆಸಿ ಹಿಂದಿನಿಂದ ಎಣ್ಣೆ ಸವರಿದರೆ ಬೆಳಕು ಹಾಯುತ್ತದೆ, ಖರ್ಚು ಎರಡೇ ರೂಪಾಯಿ. ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಗಿನ ಚಳಿಗೆ ಹೆಪ್ಪುಗಟ್ಟಿ ಪ್ರಿಂಟಿನ ತುಂಬ ಮೋಡ ಮೂಡಿಸಿತು. ಚಳ್ಳಕೆರೆ ಗಾಣದ ಶೇಂಗಾ ಎಣ್ಣೆ ಹಾಗೆ ಮಾಡಲಿಲ್ಲ. ಸವರಿ, ಹಳೇ ಪೇಪರಿನ ನಡುವೆ ಒಂದು ರಾತ್ರಿ ಒತ್ತಿಡಿ, ಬೆಳಿಗ್ಗೆ ಕೈಗೆ ಜಿಡ್ಡು ಹತ್ತಬಾರದು. ಬಿಸಿಲಿನಲ್ಲಿ ನಲವತ್ತು ನಿಮಿಷ ಬೇಕು, ಕಾಗದದ ನಾರಿನ ಗೆರೆಗಳೂ ಬೀಳುತ್ತವೆ. ಬಂಡೆಯ ಚಿತ್ರಕ್ಕೆ ಆ ಗೆರೆ ಅಂದ, ಮುಖಕ್ಕೆ ಬೇಡ.

ರಜೆಯ ದಿನಚರಿಯನ್ನು ಬಿಸಿಲೇ ಗೊತ್ತುಮಾಡುತ್ತದೆ. ಬೆಳಿಗ್ಗೆ ಬೇಗ ಕೋಟೆ, ಎಂಟೂವರೆಯೊಳಗೆ ಅಡ್ಡ ಬೆಳಕಿನಲ್ಲಿ ಚಿತ್ರ. ಟ್ರೈಪಾಡ್ ಅನುಮತಿ ಇಲ್ಲದೆ ಬಿಡುವುದಿಲ್ಲ, ಒಯ್ಯಲೇಬೇಡಿ, ಗೋಡೆಗೆ ಒರಗಿ ಉಸಿರು ಹಿಡಿದರೆ ಸಾಕು. ಒಂಬತ್ತೂವರೆಗೆ ಜೆರಾಕ್ಸ್ ಅಂಗಡಿ. ಹನ್ನೊಂದರಿಂದ ಎರಡರವರೆಗೆ ಮಾಳಿಗೆ: ಡಿಸೆಂಬರಿನಲ್ಲಿ ಎರಡು ಶೀಟಿನ ನೆಗೆಟಿವ್‌ಗೆ ಹನ್ನೆರಡರಿಂದ ಹದಿನಾಲ್ಕು ನಿಮಿಷ. ಮೂರೂವರೆಯ ಮೇಲೆ ಅದು ದುಪ್ಪಟ್ಟು, ಬಿಟ್ಟುಬಿಡಿ. ಗಡಿಯಾರಕ್ಕಿಂತ ಬಣ್ಣ ನಂಬಿ. ಹಾಳೆಯ ಅಂಚಿನಲ್ಲಿ ಹಳದಿ ಹಸಿರಾಗಿ, ಹಸಿರು ನೀಲಿಯಾಗಿ, ಕಡೆಗೆ ವಿಭೂತಿ ಬಳಿದಂತೆ ಬೂದಿ ಬಣ್ಣಕ್ಕೆ ಬರುತ್ತದೆ. ಬೂದಿ ಬಂದು ಎರಡು ನಿಮಿಷಕ್ಕೆ ತೆಗೆಯಿರಿ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿ ಫ್ರೇಮನ್ನೇ ಹಾರಿಸುತ್ತದೆ. ಐದು ಎಂಎಂ ಗಾಜು, ಕೆಳಗೆ ಪ್ಲೈವುಡ್, ನಾಲ್ಕೂ ಬದಿಗೆ ಎರಡೆರಡು ಕ್ಲಿಪ್ಪು, ಮೂಲೆಗೊಂದು ಇಟ್ಟಿಗೆ. ಹಾಳೆ ಪೂರ್ತಿ ಒಣಗಿರದಿದ್ದರೆ ಗಾಜಿನೊಳಗೆ ಬೆವರಿ ನೆಗೆಟಿವ್ ಅಂಟಿಕೊಳ್ಳುತ್ತದೆ. ಹಾಗೆ ಮೂರು ನೆಗೆಟಿವ್ ಹಾಳಾದವು.

ಎಲ್ಲ ಚಿತ್ರವೂ ನೀಲಿಗೆ ಒಗ್ಗುವುದಿಲ್ಲ. ಕೋಟೆಯೊಳಗಿನ ಓಬವ್ವನ ಕಿಂಡಿಯ ಕತ್ತಲು, ಗೋಪಾಲಸ್ವಾಮಿ ಹೊಂಡದ ನೀರು, ಉಯ್ಯಾಲೆ ಕಂಬ, ಒಂದರ ಮೇಲೊಂದು ಕೂತ ಗುಂಡುಕಲ್ಲುಗಳು ಮೊದಲ ಸಲಕ್ಕೇ ಬಂದವು. ಆಯುಧಪೂಜೆಗೆ ಅಂಗಡಿಯವರನ್ನು ನಿಲ್ಲಿಸಿ ತೆಗೆದ ಚಿತ್ರಗಳು ಬರಲಿಲ್ಲ. ನೀಲಿ ಮುಖ ಯಾರಿಗೂ ಹಿಡಿಸದು. "ಮನೆ ಪ್ಲಾನ್ ಇದ್ದಂಗೈತೆ ಕಣಪ್ಪ" ಎಂದು ಒಬ್ಬರು ವಾಪಸ್ ಕೊಟ್ಟರು. ಅವರು ಹೇಳಿದ್ದು ಸರಿಯೇ, ಹಿಂದೆ ಬ್ಲೂಪ್ರಿಂಟ್ ತೆಗೆಯುತ್ತಿದ್ದದ್ದು ಇದೇ ವಿಧಾನದಲ್ಲಿ.

ಮುಖಗಳಿಗೆ ಕಂದು ಬಣ್ಣ ಬೇಕಿತ್ತು. ಟೀ ಸೊಪ್ಪಿನಲ್ಲಿ ಎಲ್ಲರೂ ಮಾಡುತ್ತಾರೆ, ಅದು ಮಣ್ಣು ಮಣ್ಣು. ದಸರಾ ದೀಪಾವಳಿ ಅಂದರೆ ನಮ್ಮಲ್ಲಿ ಅಡಿಕೆ ಬೇಯಿಸುವ ಕಾಲ. ಚನ್ನಗಿರಿ ಕಡೆ ಅಡಿಕೆ ಬೇಯಿಸಿ ಬೇಯಿಸಿ ಉಳಿಯುವ ಕೆಂಪು ಚೊಗರು ಟೀಗಿಂತ ಎಷ್ಟೋ ಪಟ್ಟು ಒಗರು. ಒಂದು ಬಾಟಲಿ ಕೇಳಿ ತಂದೆ. ಒಣಗಿದ ಪ್ರಿಂಟನ್ನು ಮೊದಲು ವಾಷಿಂಗ್ ಸೋಡದ ನೀರಿನಲ್ಲಿ ಬಿಳಿಚಿಸಬೇಕು. ಬೇರೆಯವರು ಲೀಟರಿಗೆ ಒಂದು ಚಮಚ ಹಾಕುತ್ತಾರೆ, ನಮ್ಮ ಬೋರ್ ನೀರಿಗೆ ಅರ್ಧ ಸಾಕು. ತೊಳೆಯುವಾಗ ಶತ್ರುವಾಗಿದ್ದ ನೀರು ಇಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಧ ನಿಮಿಷದಲ್ಲಿ ನೀಲಿ ಹೋಗಿ ತೆಳು ಹಳದಿ ಉಳಿದಾಗ ಎತ್ತಿ, ಜಾಲಾಡಿ, ಬಟ್ಟೆಯಲ್ಲಿ ಸೋಸಿದ ಚೊಗರು ನೀರಿಗೆ ಹದಿನೈದು ನಿಮಿಷ. ಹಳೇ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿದ ಅಜ್ಜಂದಿರ ಫೋಟೋದ ಕಂದುಗಪ್ಪು ಬಂತು! ಇಂಥ ಬಣ್ಣ ಟೀಯಲ್ಲಿ ನಾನು ಕಂಡಿಲ್ಲ. ಚೊಗರಿಗೆ ಎಷ್ಟು ನೀರು, ಹಾಳೆಯ ಬಿಳಿ ಕೆಂಪಾಗದಂತೆ ಮೊದಲು ಏನು ಸವರುತ್ತೇನೆ ಎಂಬ ಎರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂವತ್ತು ಹಾಳೆ ಕೆಡಿಸಿ ಕಂಡುಕೊಂಡದ್ದು. ಬೆರೆಸಿದ ಚೊಗರು ನಾಲ್ಕನೇ ದಿನ ಹುಳಿತು ನಾರುತ್ತದೆ, ಬೇಕಾದಷ್ಟೇ ಕಲಸಿ.

ನಡುವೆ ಅರಿಶಿನದ ಪ್ರಯೋಗವೂ ಆಯಿತು. ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅರಿಶಿನ ಕಲಸಿ ಸೋಸಿ ಬಳಿದು, ನೆಗೆಟಿವ್ ಬದಲು ಪಾಸಿಟಿವ್ ಇಟ್ಟು ಮೂರ್ನಾಲ್ಕು ಗಂಟೆ ಬಿಸಿಲಿಗಿಟ್ಟು, ಬಿಳಿಗಾರದ (ಬೋರಾಕ್ಸ್) ನೀರು ಚಿಮುಕಿಸಿದರೆ ಕುಂಕುಮದಂಥ ಕೆಂಪು ಚಿತ್ರ. ನೋಡಲು ಬಲು ಚೆಂದ, ಆದರೆ ಬೆಳಕಿನಲ್ಲಿ ಇಟ್ಟರೆ ಮಾಸುತ್ತ ಹೋಗುತ್ತದೆ. ಮಾರುವುದು ಮೋಸವಾಗುತ್ತದೆಂದು ಹಬ್ಬಕ್ಕೆ ನೆಂಟರಿಗೆ ಕೊಟ್ಟೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಎರಡು ಕೆಮಿಕಲ್ಲು ಸೇರಿ ಎರಡು ಸಾವಿರದ ಮುನ್ನೂರು, ಮುಕ್ಕಾಲು ಇನ್ನೂ ಡಬ್ಬಿಯಲ್ಲೇ ಇದೆ. ಒಂದು ಎ5 ಪ್ರಿಂಟಿಗೆ ಕೆಮಿಕಲ್ ಖರ್ಚು ಒಂದು ರೂಪಾಯಿ ಮುಟ್ಟುವುದಿಲ್ಲ. ದುಡ್ಡು ತಿನ್ನುವುದು ಕಾಗದ ಮತ್ತು ನೆಗೆಟಿವ್, ಅವೆರಡಕ್ಕೆ ಎರಡೂವರೆ ಸಾವಿರ ದಾಟಿತು. ಗಾಜು, ಪ್ಲೈವುಡ್, ಕ್ಲಿಪ್ಪು ನಾನೂರೈವತ್ತು. ಹೋದ ದಸರಾದಿಂದ ಡಿಸೆಂಬರ್ ಕೊನೆಯವರೆಗೆ ಎಂಬತ್ತು ರೂಪಾಯಿಯ ಪೋಸ್ಟ್‌ಕಾರ್ಡ್ ಅಳತೆಯವು ಅರವತ್ತರಷ್ಟು, ಇನ್ನೂರರ ಎ5 ಹದಿನೈದು, ಐನೂರರ ಕಂದು ಬಣ್ಣದ ಮನೆಮಂದಿ ಚಿತ್ರ ಒಂಬತ್ತು ಹೋದವು. ಹನ್ನೆರಡು ಸಾವಿರದ ಆಸುಪಾಸು. ಪೋಸ್ಟ್‌ಕಾರ್ಡು ಕೊಂಡವರು ಪ್ರವಾಸಕ್ಕೆ ಬಂದವರು. ಕಂದು ಚಿತ್ರ ಹೇಳಿ ಮಾಡಿಸಿಕೊಂಡವರೆಲ್ಲ ಊರಿನವರೇ, ಹೆಚ್ಚಿನವರು ಹಬ್ಬಕ್ಕೆ ಮಕ್ಕಳೆಲ್ಲ ಊರಿಗೆ ಬಂದಾಗ ಅಜ್ಜಿಯನ್ನು ನಡುವೆ ಕೂರಿಸಿ ತೆಗೆಸಿದವು. ನನಗೆ ಇಷ್ಟವಾದ ಕೆಲಸವೂ ಅದೇ.

ಕೊಡುವಾಗ ಎರಡು ಮಾತು ಬರೆದು ಕೊಡುತ್ತೇನೆ. ಸೋಪಿನ ಬಟ್ಟೆಯಲ್ಲಿ ಒರೆಸಬಾರದು, ಹೊಸದಾಗಿ ಸುಣ್ಣ ಹೊಡೆದ ಗೋಡೆಗೆ ತಾಗಿಸಿ ತೂಗುಹಾಕಬಾರದು. ನೀಲಿ ಪ್ರಿಂಟು ಬಿಸಿಲಿಗೆ ಮಂಕಾದರೆ ಬೀರುವಿನ ಕತ್ತಲಲ್ಲಿ ಕೆಲವು ದಿನ ಇಡಿ, ಬಣ್ಣ ಬಹುಪಾಲು ಮರಳುತ್ತದೆ. ಇದನ್ನು ಯಾರೂ ನಂಬುವುದಿಲ್ಲ. ಕಿಟಕಿಯಲ್ಲಿ ಎರಡು ತಿಂಗಳಿದ್ದ ಒಂದು ಪ್ರಿಂಟನ್ನು ನಾನೀಗ ಬೀರುವಿನಲ್ಲಿಟ್ಟಿದ್ದೇನೆ, ಕೇಳಿದವರಿಗೆ ತೆಗೆದು ತೋರಿಸಲು.