ಹಾಸನದಲ್ಲಿ ಕುಳಿತು ಸ್ಪೈಕ್ ಪ್ರೋಟೀನ್‌ಗಳನ್ನು ಹೋಲಿಸಿದ ನನ್ನ ಅನುಭವ

ಕೋವಿಡ್ ತಂದ ಸಾರ್ಸ್-ಕೋವ್-2 ಮತ್ತು 2003ರ ಸಾರ್ಸ್ ವೈರಸ್‌ಗಳ ಸ್ಪೈಕ್ ಪ್ರೋಟೀನ್‌ಗಳನ್ನು, ಅಂದರೆ ಜೀವಕೋಶಕ್ಕೆ ಅಂಟಲು ಅವು ಬಳಸುವ ಮುಳ್ಳುಗಳ ರಚನೆಯನ್ನು, ಹಾಸನದ ಬಾಡಿಗೆ ಮನೆಯಲ್ಲಿ, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಹೋಲಿಸುತ್ತೇನೆಂದಾಗ, ಅದಕ್ಕೆ ಬೆಂಗಳೂರಿನ ಸರ್ವರ್ ಬೇಕೆಂದು ಜೊತೆಯ ಅಧ್ಯಾಪಕರು ನಕ್ಕಿದ್ದರು. ಅವರ ಮಾತು ನಂಬಿ ಬಾಡಿಗೆಗೆ ಹಿಡಿದ ಕ್ಲೌಡ್ ಯಂತ್ರವನ್ನು ನಿಲ್ಲಿಸಲು ಮರೆತು ಊರಿಗೆ ಹೋದೆ. ಬಿಲ್ಲು ಸುಮಾರು ಆರು ಸಾವಿರ ಬಂತು. ಅದರ ಅರ್ಧ ಹಣದಲ್ಲಿ ರ‍್ಯಾಮ್ 16 ಜಿಬಿಗೆ ಏರುತ್ತಿತ್ತು.

ತೊಡಕು ಯಂತ್ರದಲ್ಲಿ ಇರಲೇ ಇಲ್ಲ. ಪ್ರೋಟೀನ್ ರಚನೆಗಳ ಭಂಡಾರದಿಂದ ತಂದ 6ವಿಎಸ್‌ಬಿ (ಸಾರ್ಸ್-ಕೋವ್-2) ಮತ್ತು 5ಎಕ್ಸ್58 (2003ರ ಸಾರ್ಸ್) ಕಡತಗಳಲ್ಲಿ, ಸ್ಪೈಕ್‌ನ ಮೂರು ಸರಣಿಗಳ ಪೈಕಿ ಎ ಸರಣಿಗಳಿಗೆ, ರಚನೆ ತೋರಿಸುವ ತಂತ್ರಾಂಶ ಪೈಮಾಲ್‌ನಲ್ಲಿ ಒಂದರ ಮೇಲೊಂದು ಕೂರಿಸುವ ಅಲೈನ್ ಆಜ್ಞೆ ಕೊಟ್ಟಾಗ ಆರ್‌ಎಂಎಸ್‌ಡಿ (ಎರಡರ ಪರಮಾಣುಗಳ ನಡುವಿನ ಒಟ್ಟಾರೆ ಅಂತರ, ಕಡಿಮೆಯಾದಷ್ಟೂ ಒಳ್ಳೆಯದು) ಎಷ್ಟು ಚೆನ್ನಾಗಿ ಬಂತೆಂದರೆ, ಎರಡು ದಿನ ಹಿಗ್ಗಿದ್ದೆ. ಹೊಂದದ ಪರಮಾಣುಗಳನ್ನು ಅದು ಪ್ರತಿ ಸುತ್ತಿನಲ್ಲೂ ಕೈಬಿಡುತ್ತಾ ಹೋಗಿದ್ದನ್ನು ಗಮನಿಸಿರಲಿಲ್ಲ. ಹಾಗೆ ಕೈಬಿಡುವ ಸುತ್ತುಗಳ ಸಂಖ್ಯೆಯಾದ ಸೈಕಲ್ಸ್ ಅನ್ನು ಸೊನ್ನೆಗೆ ಇಳಿಸಿದೊಡನೆ ಅಂಕಿ ಎಂಟೊಂಬತ್ತು ಆಂಗ್‌ಸ್ಟ್ರಾಮ್‌ಗೆ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ ಒಂದು ಆಂಗ್‌ಸ್ಟ್ರಾಮ್) ಜಿಗಿಯಿತು. ಇಷ್ಟು ಅಂತರವಿದೆಯೆಂದು ಮೂರು ವಾರ ಚಿತ್ರ ಬರೆದು, ಒಂದು ವಿಚಾರ ಸಂಕಿರಣದಲ್ಲಿ ತೋರಿಸಿ ನಗೆಪಾಟಲಾದೆ. 6ವಿಎಸ್‌ಬಿಯ ಎ ಸರಣಿಯಲ್ಲಿ ಆರ್‌ಬಿಡಿ, ಅಂದರೆ ಜೀವಕೋಶವನ್ನು ಹಿಡಿಯುವ ಭಾಗ, ತಲೆಯೆತ್ತಿ ನಿಂತಿದೆ, 5ಎಕ್ಸ್58ರಲ್ಲಿ ಮೂರು ಸರಣಿಗಳ ಆರ್‌ಬಿಡಿಗಳೂ ಮಲಗಿವೆ. ಬಾಗಿಲು ತೆರೆದ ಮನೆಯನ್ನೂ ಮುಚ್ಚಿದ ಮನೆಯನ್ನೂ ಎದುರಿಟ್ಟು ಗೋಡೆಗಳ ಅಂತರ ಅಳೆಯಲು ಹೊರಟಿದ್ದೆ.

ಆಮೇಲೆ ಸಾರ್ಸ್-ಕೋವ್-2ರದೇ ಮುಚ್ಚಿದ ರಚನೆ 6ವಿಎಕ್ಸ್‌ಎಕ್ಸ್ ಅನ್ನೇ ತೆಗೆದುಕೊಂಡು, ಸ್ಪೈಕ್‌ನ ಬುಡದ ಎಸ್2 ಭಾಗದ ಗಟ್ಟಿ ತಿರುಳನ್ನಷ್ಟೇ ಹಿಡಿದು ಕೂರಿಸಿ, ಎನ್‌ಟಿಡಿ (ಸರಣಿಯ ಆರಂಭದ ತುಂಡು) ಮತ್ತು ಆರ್‌ಬಿಡಿಗಳನ್ನು ಬೇರೆಬೇರೆಯಾಗಿ ಅಳೆದೆ. ಅಮೈನೋ ಆಮ್ಲಗಳ ಹೋಲಿಕೆ ಸುಮಾರು ಶೇ 76 ಮಾತ್ರವಿದ್ದರೂ ತಿರುಳು ಒಂದರ ಮೇಲೊಂದು ಅಚ್ಚೊತ್ತಿದಂತೆ ಕುಳಿತಿತು. ಜೀವಕೋಶದ ಮೇಲಿನ ಗ್ರಾಹಕವಾದ ಏಸ್2 ಅನ್ನು ಮುಟ್ಟುವ ಅಂಚಿನ ಕೆಲವು ಕುಣಿಕೆಗಳು 6ವಿಎಕ್ಸ್‌ಎಕ್ಸ್‌ನಲ್ಲಿ ಇಲ್ಲವೇ ಇಲ್ಲವಾದ್ದರಿಂದ, ಅದಕ್ಕೆ 6ಎಂ0ಜೆ (ಸಾರ್ಸ್-ಕೋವ್-2) ಮತ್ತು 2ಎಜೆಎಫ್ (2003ರ ಸಾರ್ಸ್) ಹರಳು ರಚನೆಗಳನ್ನು ತರಬೇಕಾಯಿತು. ಸಾರ್ಸ್-ಕೋವ್-2ರ ಎಣಿಕೆಯಲ್ಲಿ 482ರಿಂದ 486ನೇ ಅಮೈನೋ ಆಮ್ಲಗಳ ಆಸುಪಾಸಿನ ಏಣು ಎರಡರಲ್ಲೂ ಬೇರೆಯಾಗಿ ಬಾಗಿರುವುದು ಆಗ ಕಣ್ಣಿಗೆ ಬಿತ್ತು. ಎರಡನ್ನೂ ಕೂರಿಸಲು ಎಸ್2ದ ಯಾವ ಕೊಂಡಿಗಳನ್ನು (ಅಮೈನೋ ಆಮ್ಲಗಳನ್ನು) ಗೂಟವಾಗಿ ಬಳಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೇ ಒಂದು ಮಳೆಗಾಲ ಹೋಗಿದೆ.

ಕರೆಂಟು ಹೋದ ರಾತ್ರಿಗಳಲ್ಲಿ ಬ್ಯಾಟರಿ ಇರುವಷ್ಟು ಹೊತ್ತು ವೈರಸ್‌ನ ಉದ್ದ ಪ್ರೋಟೀನನ್ನು ತುಂಡರಿಸುವ ಕಿಣ್ವವಾದ ಮುಖ್ಯ ಪ್ರೋಟಿಯೇಸ್‌ನ ಮೇಲೂ ಕೈಯಾಡಿಸಿದೆ. ಎರಡು ಸಾರ್ಸ್ ವೈರಸ್‌ಗಳಲ್ಲಿ 306ಕ್ಕೆ 12 ಅಮೈನೋ ಆಮ್ಲಗಳಷ್ಟೇ ಬೇರೆ, ಹಾಗಾಗಿ ಹೋಲಿಕೆ 1 ಆಂಗ್‌ಸ್ಟ್ರಾಮ್‌ನೊಳಗೇ ಮುಗಿಯಿತು. ಕತ್ತರಿಸುವ ಕೆಲಸ ಮಾಡುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಎರಡರಲ್ಲೂ 145ನೆಯದು. ಅದಕ್ಕೆ ಬಣ್ಣ ಹಚ್ಚುವಾಗ, ಅದೇ ಉತ್ಸಾಹದಲ್ಲಿ, ಇನ್ನೊಂದು ಕೊರೊನಾವೈರಸ್ ಆದ ಮರ್ಸ್‌ಗೂ 145 ಎಂದು ಬರೆದೆ. ಬಣ್ಣ ಹತ್ತಿದ್ದು ಬೇರೆ ಕೊಂಡಿಗೆ. ಮರ್ಸ್‌ನ ಸಿಸ್ಟೀನ್ 148ರಲ್ಲಿದೆ, ಹಂದಿಯ ಕೊರೊನಾವೈರಸ್ ಟಿಜಿಇವಿಯಲ್ಲಿ 144ರಲ್ಲಿದೆ. ಈಗ ಸಂಖ್ಯೆ ಬರೆಯುವುದನ್ನೇ ಬಿಟ್ಟು ಅಮೈನೋ ಆಮ್ಲಗಳ ಸಾಲುಗಳನ್ನು ಅಕ್ಕಪಕ್ಕ ಜೋಡಿಸಿ ಅದರಿಂದ ಎತ್ತಿಕೊಳ್ಳುತ್ತೇನೆ. ನಕ್ಕಿದ್ದ ಅಧ್ಯಾಪಕರು ಕಳೆದ ತಿಂಗಳು ಪೆನ್‌ಡ್ರೈವ್ ಹಿಡಿದು ಬಂದಿದ್ದರು. ಗೂಟಗಳ ಪಟ್ಟಿಯ ಹೊರತು ಉಳಿದೆಲ್ಲವನ್ನೂ ಕೊಟ್ಟೆ.