ಆಪರೇಷನ್ ನಂತರ ಒಳಗೆ ಕರುಳು ಅಂಟದಂತೆ

ಮುಂಬೈ ಸುತ್ತಿನ ಡೊಂಬಿವಲಿ, ಮಾಟುಂಗ ಕಡೆಯ ನಮ್ಮ ಕನ್ನಡದ ರೋಗಿಗಳ ಮನೆಯವರು ಆಪರೇಷನ್ ಮುಗಿದ ಮೇಲೆ ಕೇಳುತ್ತಾರೆ: "ಡಾಕ್ಟ್ರೇ, ಒಳಗೆ ಅಂಟಿಕೊಳ್ಳದ ಹಾಗೆ ಮಾತ್ರೆ ಏನಾದ್ರೂ ಇದೆಯಾ?" ಅಂಥ ಮಾತ್ರೆ ಇಲ್ಲ. ತಡೆಯುವ ಕೆಲಸ ಬಹುಪಾಲು ಆಪರೇಷನ್ ಟೇಬಲ್ ಮೇಲೆಯೇ ಆಗಬೇಕು.

ಕರುಳಿನ ಹೊರಮೈಗೆ ಒದ್ದೆ ಹೊಳಪಿರುತ್ತದೆ. ಆಪರೇಷನ್ ಕೋಣೆಯ ದೀಪದ ಕೆಳಗೆ ತೆರೆದಿಟ್ಟರೆ ಅದು ಮಂಕಾಗುತ್ತದೆ. ಒಣ ಮಾಪಿನಿಂದ (ರಕ್ತ ತೆಗೆಯುವ ಬಟ್ಟೆ) ಉಜ್ಜಿದರೆ ಕೆಂಪು ಚುಕ್ಕೆಗಳೇಳುತ್ತವೆ. ಪೊರೆ ಕಿತ್ತ ಆ ಜಾಗದಲ್ಲಿ ಕೆಲವೇ ಗಂಟೆಗಳಲ್ಲಿ ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಅಂಟು, ಕೂರುತ್ತದೆ. ರಕ್ತಸಂಚಾರ ಚೆನ್ನಾಗಿದ್ದರೆ ದೇಹವೇ ಅದನ್ನು ಕರಗಿಸುತ್ತದೆ. ಸುಟ್ಟ, ಹಿಸುಕಿದ, ಬಿಗಿದು ಕಟ್ಟಿದ ಕಡೆ ಅದು ಕರಗದೆ, ಕರುಳನ್ನು ಅಂಟಿಸುವ ನಾರಿನ ಪಟ್ಟಿಯಾಗುತ್ತದೆ.

ಹಾಗಾಗಿ ಮಾಪನ್ನು ಮೈಬಿಸಿಯಷ್ಟು, 37 ಡಿಗ್ರಿಯ ಸಲೈನಿನಲ್ಲಿ ಅದ್ದಿ ಹಿಂಡಿಯೇ ಒಳಗಿಡುತ್ತೇನೆ. ರಕ್ತವನ್ನು ಒರೆಸುವುದಿಲ್ಲ, ಒತ್ತಿ ತೆಗೆಯುತ್ತೇನೆ. ಜಿನುಗುವ ಬಿಂದುವನ್ನಷ್ಟೇ ಬೈಪೋಲಾರಿನಲ್ಲಿ (ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಚಿಮಟ) ಹಿಡಿಯುತ್ತೇನೆ. ಸುತ್ತಲೂ ಸುಟ್ಟು ಕಪ್ಪು ಮಾಡುವುದಿಲ್ಲ. ಗ್ಲವ್ಸ್ ಪೌಡರ್ ಇಲ್ಲದ್ದೇ ಬೇಕು, ಪಿಷ್ಟದ ಪುಡಿ ಒಳಗೆ ಉರಿಯೂತ ಎಬ್ಬಿಸುತ್ತದೆ. ಅಮೆರಿಕ 2017ರಲ್ಲಿ ಪೌಡರ್ ಗ್ಲವ್ಸನ್ನು ನಿಷೇಧಿಸಿತು. ಮಿಡ್‌ಲೈನ್ (ಹೊಟ್ಟೆಯ ನಡುಗೆರೆ) ಗಾಯ ಮುಚ್ಚುವಾಗ ಪೆರಿಟೋನಿಯಮ್ಮಿಗೆ, ಅಂದರೆ ಹೊಟ್ಟೆಯ ಒಳಪೊರೆಗೆ, ಬೇರೆ ಹೊಲಿಗೆ ಹಾಕದೆ, ಕರುಳಿನ ಮುಂದಿನ ಕೊಬ್ಬಿನ ಪರದೆಯಾದ ಒಮೆಂಟಂ ಅನ್ನು ಗಾಯಕ್ಕೂ ಕರುಳಿಗೂ ನಡುವೆ ಹರಡುತ್ತೇನೆ. ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತಿನ ದುರ್ಬೀನು ಆಪರೇಷನ್) ಗಾಯ ಚಿಕ್ಕದು, ನಿಜ; ಆದರೆ ಹೊಟ್ಟೆ ಉಬ್ಬಿಸಲು ತುಂಬುವ ಒಣ, ತಣ್ಣನೆಯ ಗ್ಯಾಸ್ ಕೂಡ ಪೊರೆಯನ್ನು ಒಣಗಿಸುತ್ತದೆ.

ಬ್ಯಾರಿಯರ್, ಅಂದರೆ ಅಂಟದಂತೆ ನಡುವೆ ಇಡುವ ಹಾಳೆ ಅಥವಾ ದ್ರವ, ಎಲ್ಲರಿಗೂ ಬೇಡ. ಸೆಲ್ಯುಲೋಸ್ ಹಾಳೆ ಹಾಕುವುದಿದ್ದರೆ ರಕ್ತ ಪೂರ್ತಿ ನಿಂತಿರಬೇಕು. ನೆನೆದು ಕಪ್ಪಾದ ಹಾಳೆಯನ್ನು ತೆಗೆದು ಹೊಸದು ಹಾಕಬೇಕು, ಇಲ್ಲವಾದರೆ ಅದೇ ಅಂಟಿಗೆ ದಾರಿ. ಹಯಲುರೋನೇಟ್ ಹಾಳೆ ಒದ್ದೆ ಗ್ಲವ್ಸಿಗೆ ಹತ್ತಿ ಹರಿಯುತ್ತದೆ, ಒಣಗೈಯಲ್ಲೇ ಹಿಡಿಯಬೇಕು. ಅದನ್ನು ಹೊಸ ಕರುಳ ಜೋಡಣೆಗೆ ಸುತ್ತಲೇಬಾರದು, ಸೋರುವ ಅಪಾಯ ಹೆಚ್ಚುತ್ತದೆ. 4 ಪರ್ಸೆಂಟ್ ಐಕೋಡೆಕ್ಸ್ಟ್ರಿನ್ ದ್ರವವಾದರೆ ನಡುನಡುವೆ ತೊಳೆದು, ಕೊನೆಗೆ 1 ಲೀಟರ್ ಒಳಗೇ ಬಿಡುವುದು, ಸೋಂಕಿದ್ದರೆ ಬೇಡ. ಡಯಾಬಿಟಿಸ್ ರೋಗಿಯಿದ್ದರೆ ವಾರ್ಡಿಗೆ ಹೇಳಿಯೇ ಕಳಿಸುತ್ತೇನೆ: ಈ ದ್ರವದಿಂದಾಗಿ ಕೆಲವು ಗ್ಲುಕೋಮೀಟರುಗಳು ಸಕ್ಕರೆಯನ್ನು ಇಲ್ಲದಷ್ಟು ಹೆಚ್ಚು ತೋರಿಸುತ್ತವೆ, ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಮರುದಿನವೇ ಎಬ್ಬಿಸಿ ನಡೆಸುತ್ತೇವೆ. ಅದು ಶ್ವಾಸಕೋಶಕ್ಕೆ, ಕಾಲಿನ ರಕ್ತ ಹೆಪ್ಪುಗಟ್ಟದಿರುವುದಕ್ಕೆ. ಮೇಲಿಂದ ಎಣ್ಣೆ ತಿಕ್ಕಿದರೆ ಒಳಗಿನ ಪಟ್ಟಿ ಬಿಡುವುದಿಲ್ಲ. ವರ್ಷಗಳ ನಂತರವೂ ಅಂಟಿದ ಕರುಳು ಕಟ್ಟಿಕೊಳ್ಳಬಹುದು: ಬಿಟ್ಟುಬಿಟ್ಟು ಹಿಂಡುವ ನೋವು, ವಾಂತಿ, ಹೊಟ್ಟೆಯುಬ್ಬರ ಬಂದು ಗಾಳಿ ಹೋಗುವುದು ನಿಂತರೆ, ಜುಲಾಬಿನ ಮಾತ್ರೆ ನುಂಗದೆ, ಹಳೆಯ ಡಿಸ್ಚಾರ್ಜ್ ಕಾರ್ಡ್ ಹಿಡಿದು ಅವತ್ತೇ ಕ್ಯಾಜುವಲ್ಟಿಗೆ ಬನ್ನಿ.