ಕಾಲೇಜು ಅಂಕಣದಿಂದ ಫಿಬಾ ಅಂಕಣಕ್ಕೆ: ಆಟಗಾರ್ತಿಯರನ್ನು ಸಜ್ಜುಗೊಳಿಸುವುದು ಹೇಗೆ?

ಅಮೆರಿಕದ ಎನ್‌ಸಿಎಎ (ಕಾಲೇಜು ಕ್ರೀಡೆಗಳ ಸಂಸ್ಥೆ) ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಳಗಿದ ಆಟಗಾರ್ತಿ ದೇಶದ ತಂಡ ಸೇರಿ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಪಂದ್ಯಕ್ಕೆ ಇಳಿದಾಗ ಮೇಲ್ನೋಟಕ್ಕೆ ಹೊಸದೇನೂ ಕಾಣುವುದಿಲ್ಲ. ಎರಡೂ ಕಡೆ ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್, 6ನೇ ಸೈಜಿನ ಚೆಂಡು, ಐದು ಫೌಲಿಗೆ ಆಟದಿಂದ ಹೊರಗೆ. 2021-22ರ ಸೀಸನ್‌ನಿಂದ ಮೂರಂಕದ ಗೆರೆಯೂ (ಇದರಾಚೆಯಿಂದ ಹಾಕಿದರೆ ಮೂರು ಅಂಕ) ಒಂದೇ: ಬುಟ್ಟಿಯಿಂದ 6.75 ಮೀಟರ್, ಮೂಲೆಗಳಲ್ಲಿ 6.60. ಎಡವುವುದು ಗಡಿಯಾರದಲ್ಲಿ. ತಯಾರಿಗೆ ಮೂರು ವಾರ ಸಿಕ್ಕರೆ ಎರಡನ್ನು ಗಡಿಯಾರಕ್ಕೇ ಕೊಡಿ.

ಮೊದಲು ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲೇಬೇಕಾದ ಸಮಯ. ಕಾಲೇಜಿನಲ್ಲಿ 30 ಸೆಕೆಂಡ್, ಫಿಬಾದಲ್ಲಿ 24. ಆರು ಸೆಕೆಂಡ್ ತಾನೇ ಎಂದು ಹಳೆಯ ಪ್ಲೇಗಳನ್ನೇ (ಮೊದಲೇ ರೂಪಿಸಿದ ದಾಳಿಗಳನ್ನೇ) ಬೇಗ ಬೇಗ ಓಡಿಸಿದರೆ ಕೆಲಸ ಕೆಡುತ್ತದೆ. ಸ್ಕ್ರೀನ್ ಹಾಕುವವಳು (ಎದುರಾಳಿಯ ದಾರಿಗೆ ಅಡ್ಡ ನಿಂತು ಜೊತೆಗಾತಿಗೆ ಜಾಗ ಮಾಡಿಕೊಡುವವಳು) ಕಾಲೂರಿ ನಿಲ್ಲುವ ಮೊದಲೇ ಜೊತೆಗಾತಿ ಓಡಿರುತ್ತಾಳೆ, ಚಲಿಸುವ ಸ್ಕ್ರೀನಿಗೆ ಫೌಲ್ ಬೀಳುತ್ತದೆ. ಪ್ಲೇಯ ವೇಗ ಹೆಚ್ಚಿಸಬೇಡಿ, ಉದ್ದ ಕಡಿಮೆ ಮಾಡಿ. ಚೆಂಡನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸುವುದಷ್ಟೇ ಕೆಲಸವಾಗಿರುವ ಹಂತವನ್ನು ತೆಗೆದುಹಾಕಿ. ಗಡಿಯಾರ 18 ತೋರಿಸುವಷ್ಟರಲ್ಲಿ ಮೊದಲ ಸ್ಕ್ರೀನ್ ನಿಂತಿರಬೇಕು, 10ಕ್ಕೆ ಎರಡನೆಯ ದಾಳಿ ಶುರುವಾಗಬೇಕು, 6ಕ್ಕೆ ಚೆಂಡು ಡ್ರಿಬಲ್ ಮಾಡುತ್ತಾ ಒಳನುಗ್ಗಬಲ್ಲವಳ ಕೈಯಲ್ಲಿರಬೇಕು. ಬದಿಯಲ್ಲಿ ನಿಂತು ಯಾರೋ ಎಣಿಸುವುದು ಸಾಲದು. ನಿಜವಾದ ಗಡಿಯಾರ ಓಡಲಿ, ಆಟಗಾರ್ತಿಯೇ ಅದನ್ನು ನೋಡುವ ರೂಢಿ ಮಾಡಿಕೊಳ್ಳಲಿ.

ಇದಕ್ಕಿಂತ ಕಷ್ಟದ್ದು 14. ಶಾಟ್ ರಿಮ್ಮಿಗೆ (ಬುಟ್ಟಿಯ ಬಳೆಗೆ) ತಗುಲಿ ಚೆಂಡು ಮತ್ತೆ ದಾಳಿಯ ತಂಡಕ್ಕೇ ಸಿಕ್ಕರೆ ಫಿಬಾ ಗಡಿಯಾರ 14ರಿಂದ ಶುರುವಾಗುತ್ತದೆ. ರಿಮ್ಮಿಗೆ ತಗುಲದಿದ್ದರೆ ಉಳಿದ ಸಮಯವೇ ಓಡುತ್ತಿರುತ್ತದೆ. ಅಭ್ಯಾಸ ಹೀಗೆ ಮಾಡಿಸಿ: ಐದಕ್ಕೆ ಐದು ನಿಲ್ಲಿಸಿ, ಕೋಚ್ ಬೇಕೆಂದೇ ಶಾಟ್ ತಪ್ಪಿಸಲಿ. ರೀಬೌಂಡ್ (ತಪ್ಪಿ ಪುಟಿದ ಚೆಂಡು) ಹಿಡಿದವಳು ಕೂಡಲೇ ಶೂಟ್ ಮಾಡಬೇಕು ಇಲ್ಲವೇ ಹೊರಗೆ ಪಾಸ್ ಕೊಡಬೇಕು. ಹೊರಗೆ ಬಂದ ಚೆಂಡಿಗೆ ಪ್ಲೇಯ ಹೆಸರು ಕೂಗುವಂತಿಲ್ಲ. ಒಂದು ಪಿಕ್ ಅಂಡ್ ರೋಲ್ (ಸ್ಕ್ರೀನ್ ಹಾಕಿದವಳೇ ಬುಟ್ಟಿಯತ್ತ ತಿರುಗಿ ಓಡುವುದು), ಅಲ್ಲಿಗೆ ಮುಗಿಯಿತು. ದಿನಕ್ಕೆ 12 ಸಲ ಸಾಕು.

ಅಂಕಣದ ಹಿಂದಿನ ಅರ್ಧ, ಅಂದರೆ ತಾನು ಕಾಯುವ ಬುಟ್ಟಿಯ ಬದಿ, ದಾಟಲು ಕಾಲೇಜಿನಲ್ಲಿ 10 ಸೆಕೆಂಡ್, ಇಲ್ಲಿ 8. ಎದುರಾಳಿ ತಟ್ಟಿದ ಚೆಂಡು ಗೆರೆಯಾಚೆ ಹೋಗಿ, ಹಿಂದಿನ ಅರ್ಧದಲ್ಲೇ ಥ್ರೋ-ಇನ್ (ಗೆರೆಯ ಹೊರಗಿಂದ ಚೆಂಡು ಒಳಹಾಕುವುದು) ಸಿಕ್ಕರೂ ಎಣಿಕೆ ಹೊಸದಾಗುವುದಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಇದನ್ನು ಮರೆತ ಗಾರ್ಡ್ (ಚೆಂಡನ್ನು ಮುಂದಕ್ಕೊಯ್ಯುವವಳು) ಥ್ರೋ-ಇನ್ ಹಿಡಿದು ಆರಾಮವಾಗಿ ನಡೆಯುತ್ತಾಳೆ, ಚೆಂಡು ಎದುರಾಳಿಯ ಪಾಲಾಗುತ್ತದೆ.

ಇದರ ಜೊತೆಗೇ ಟೈಮ್‌ಔಟ್ ಪಾಠವೂ ಆಗಬೇಕು. ಕಾಲೇಜಿನಲ್ಲಿ ಇಬ್ಬರು ಮುತ್ತಿಕೊಂಡಾಗ ಚೆಂಡು ಹಿಡಿದವಳೇ ಟೈಮ್‌ಔಟ್ ಕೇಳಿ ಪಾರಾಗಬಹುದು. ಫಿಬಾದಲ್ಲಿ ಆ ದಾರಿಯಿಲ್ಲ. ಕೇಳುವುದು ಕೋಚ್, ಅದೂ ಸ್ಕೋರರ್ ಮೇಜಿನ ಮೂಲಕ. ಸಿಗುವುದು ಆಟ ನಿಂತಾಗ ಅಥವಾ ಎದುರಾಳಿ ಬುಟ್ಟಿಗೆ ಹಾಕಿದಾಗ. ಹಾಗಾಗಿ ಮುತ್ತಿಗೆಯಿಂದ ಹೊರಬರುವುದನ್ನು ಬೇರೆಯಾಗಿಯೇ ಕಲಿಸಿ. ಮೂಲೆಯಲ್ಲಿ ಒಬ್ಬಳನ್ನು ಇಬ್ಬರು ಕಟ್ಟಿಹಾಕಲಿ. ಅವಳು ಚೆಂಡನ್ನು ಗಲ್ಲದ ಕೆಳಗೆ ಮೊಣಕೈ ಚಾಚಿ ಹಿಡಿದು, ಪಿವಟ್ ಕಾಲು (ನೆಲಕ್ಕೂರಿದ ಕಾಲು) ಅಲ್ಲಾಡಿಸದೆ ತಿರುಗಿ, ಅಂಕಣದ ನಡುವೆ ಓಡಿಬರುವ ಜೊತೆಗಾತಿಗೆ ಕೊಡಲಿ. ಇಲ್ಲಿ ಸೋಲುವುದು ಹೆಚ್ಚಾಗಿ ಚೆಂಡು ಹಿಡಿದವಳಲ್ಲ, ನಡುವಿಗೆ ಬರಲು ತಡಮಾಡಿದವಳು.

ಬುಟ್ಟಿಯ ಹತ್ತಿರ ಆಡುವ ಪೋಸ್ಟ್ ಆಟಗಾರ್ತಿಯರಿಗೆ ಟೇಪಿನ ಸಹಾಯ ಬೇಕು. ಕಾಲೇಜಿನ ಪೇಂಟ್ (ಬುಟ್ಟಿಯ ಮುಂದೆ ಗುರುತಿಸಿದ ಆಯತ) 3.66 ಮೀಟರ್ ಅಗಲ, ಫಿಬಾದ್ದು 4.90. ಎರಡೂ ಬದಿಗೆ 62 ಸೆಂಟಿಮೀಟರ್ ಹೆಚ್ಚು. ಹಳೆಯ ಜಾಗದಲ್ಲೇ ನಿಂತರೆ ಮೂರು ಸೆಕೆಂಡಿನ ತಪ್ಪು (ದಾಳಿಯಲ್ಲಿ ಪೇಂಟಿನೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು) ಖಚಿತ. ಕಾಲೇಜು ಅಂಕಣದಲ್ಲೇ ಅಭ್ಯಾಸವಾದರೆ ಪೇಂಟಿನ ಎರಡೂ ಬದಿಗೆ ಅಷ್ಟು ಅಳೆದು ಟೇಪ್ ಅಂಟಿಸಿ. ಚೆಂಡು ಸಿಕ್ಕಮೇಲೆ ಬುಟ್ಟಿಗೆ ಒಂದು ಡ್ರಿಬಲ್ ಹೆಚ್ಚು ಬೇಕಾಗುತ್ತದೆ, ಆ ಡ್ರಿಬಲ್ ಎರಡೂ ಕಾಲಿನ ನಡುವೆ ತಗ್ಗಿನಲ್ಲಿರಲಿ.

3.05 ಮೀಟರ್ ಎತ್ತರದ ರಿಮ್ಮಿಗೆ ಬೆರಳು ಮುಟ್ಟುವವರಿಗೆ ಇನ್ನೊಂದು ವಿಷಯ. ಶಾಟ್ ರಿಮ್ಮಿಗೆ ತಗುಲಿದ ಮೇಲೆ, ಚೆಂಡು ಬುಟ್ಟಿಯ ಮೇಲೇ ಇದ್ದರೂ ಫಿಬಾದಲ್ಲಿ ತಟ್ಟಬಹುದು. ಕಾಲೇಜಿನಲ್ಲಿ ಅದು ತಪ್ಪು. ತಗುಲುವ ಮೊದಲು ಇಳಿಯುತ್ತಿರುವ ಚೆಂಡನ್ನು ಮುಟ್ಟುವುದು ಎರಡೂ ಕಡೆ ತಪ್ಪೇ.

ಚೆಂಡನ್ನು ಮೊದಲ ದಿನವೇ ಬದಲಿಸಿ. ಫಿಬಾ ಪಂದ್ಯಗಳ ಮೋಲ್ಟನ್ ಕಂಪನಿಯ ಚೆಂಡಿಗೆ 12 ಪಟ್ಟಿಗಳು, ಬೆರಳಿಗೆ ಸಿಗುವ ಅಂಚು ಬೇರೆ.

ಮೂರಂಕದ ಗೆರೆ ಒಂದೇ ಇದ್ದರೂ ಕಾಲಿನ ಅಭ್ಯಾಸ ಬಿಡಬೇಡಿ. 5 ಸೆಂಟಿಮೀಟರ್ ಅಗಲದ ಆ ಗೆರೆ ಎರಡಂಕದ ಜಾಗಕ್ಕೆ ಸೇರಿದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ, ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದ ಫ್ರಾನ್ಸಿನ ಗ್ಯಾಬಿ ವಿಲಿಯಮ್ಸ್ ಕೊನೆಯ ಕ್ಷಣದಲ್ಲಿ ಬುಟ್ಟಿಗೆ ಹಾಕಿದರು, ಆದರೆ ಪಾದ ಗೆರೆಯ ಮೇಲಿತ್ತು. ಮೂರರ ಬದಲು ಎರಡೇ ಅಂಕ ಸಿಕ್ಕಿ, ಅಮೆರಿಕ 67-66ರಲ್ಲಿ ಗೆದ್ದಿತು. ಓಡಿಬಂದು ಹಾಕುವ ಶಾಟ್‌ಗಳನ್ನು ಗೆರೆಯಿಂದ ಒಂದು ಪಾದದಷ್ಟು ಹಿಂದೆಯೇ ಅಭ್ಯಾಸ ಮಾಡಿಸಿ.

ಕೊನೆಯ ಎರಡು ನಿಮಿಷ ಕೋಚ್‌ನ ಲೆಕ್ಕ. ದ್ವಿತೀಯಾರ್ಧಕ್ಕೆ ಮೂರು ಟೈಮ್‌ಔಟ್. ಒಂದನ್ನೂ ಬಳಸದೆ ಇಲ್ಲಿಗೆ ಬಂದರೆ ಒಂದು ಕೈಬಿಟ್ಟುಹೋಗುತ್ತದೆ. ಎದುರಾಳಿ ಬುಟ್ಟಿಗೆ ಹಾಕಿದ ಮೇಲೆ ಟೈಮ್‌ಔಟ್ ಪಡೆದರೆ ಥ್ರೋ-ಇನ್ ಎಲ್ಲಿಂದ ಎಂಬುದು ನಿಮ್ಮ ಆಯ್ಕೆ: ಮುಂದಿನ ಅರ್ಧದಿಂದಾದರೆ ಶಾಟ್ ಕ್ಲಾಕ್ 14, ಹಿಂದಿನಿಂದಾದರೆ 24. ಮುನ್ನಡೆಯಿದ್ದು ಸಮಯ ಕಳೆಯಬೇಕಿದ್ದರೆ ಹಿಂದಿನದು, ಬೇಗ ಅಂಕ ಬೇಕಿದ್ದರೆ ಮುಂದಿನದು. ಮೂರನೇ ವಾರ ಪ್ರತಿ ಅಭ್ಯಾಸದ ಕೊನೆಗೆ 1:40 ಉಳಿದಂತೆ ಗಡಿಯಾರ ಇಟ್ಟು, ಒಮ್ಮೆ ಮೂರಂಕ ಮುಂದಿರುವಂತೆ, ಒಮ್ಮೆ ಮೂರಂಕ ಹಿಂದಿರುವಂತೆ ಆಡಿಸಿ.